ವಿಹಾರ ದೋಣಿಗಳ ರೇಡಿಯೊದಲ್ಲಿ ಡಿ.ಎಸ್.ಸಿ. ಸೌಲಭ್ಯ: ಮಾಲೀಕರಿಗೆ ಮಾಹಿತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಿಗೆ ಸಮುದ್ರ ತೀರವಿರುವುದಿಲ್ಲ. ಇಲ್ಲಿನ ಕೆರೆಗಳಲ್ಲಿ ಅವಘಡ ಸಂಭವಿಸಿದಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಮಂಗಳೂರು, ಮಲ್ಪೆ, ಕಾರವಾರ ಮುಂತಾದೆಡೆ ವಿಹಾರ ದೋಣಿ ಹೊಂದಿರುವ ಈ ತಾಲ್ಲೂಕುಗಳ ನಾಗರಿಕರಿಗಾಗಿ ಕೆಳಕಂಡ ಮಾಹಿತಿ ನೀಡಲಾಗಿದೆ.

ಡಿ.ಎಸ್.ಸಿ. ಎಂದರೇನು?
ಇದು ಡಿಜಿಟಲ್ ಸೆಲೆಕ್ಟಿವ್ ಕಾಲಿಂಗ್ ಎಂಬುದರ ಸಂಕ್ಷಿಪ್ತ ರೂಪ. ವಿ.ಎಚ್.ಎಫ್. ರೇಡಿಯೊದ ಕೆಂಪು ಗುಂಡಿ ಒತ್ತಿದಾಗ ದೋಣಿಯ ಗುರುತಿನ ಸಂಖ್ಯೆ ಹಾಗೂ ಸ್ಥಳದ ವಿವರವು 70ನೇ ಚಾನೆಲ್ ಮೂಲಕ ಸಮೀಪದ ಹಡಗುಗಳಿಗೂ ಕರಾವಳಿ ಕೇಂದ್ರಗಳಿಗೂ ರವಾನೆಯಾಗುತ್ತದೆ.

ಪೂರ್ವಸಿದ್ಧತೆ
1. ರೇಡಿಯೊ ಬಳಕೆಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಪಡೆಯತಕ್ಕದ್ದು.
2. 9 ಅಂಕಿಗಳ ಎಂ.ಎಂ.ಎಸ್.ಐ. ಸಂಖ್ಯೆಯನ್ನು ರೇಡಿಯೊದಲ್ಲಿ ದಾಖಲಿಸತಕ್ಕದ್ದು. ಭಾರತದ ದೋಣಿಗಳಿಗೆ ಇದು 419ರಿಂದ ಆರಂಭವಾಗುತ್ತದೆ.
3. ಜಿ.ಪಿ.ಎಸ್. ಜೋಡಣೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಸ್ಥಳದ ವಿವರವಿಲ್ಲದ ಕರೆಯಿಂದ ಶೋಧಕಾರ್ಯ ವಿಳಂಬವಾಗುತ್ತದೆ.

ಅಪಾಯದ ಸಮಯದಲ್ಲಿ
ಜೀವಕ್ಕೆ ಅಥವಾ ದೋಣಿಗೆ ಗಂಭೀರ ಅಪಾಯವಿದ್ದಲ್ಲಿ ಮಾತ್ರ ಮುಚ್ಚಳ ಸರಿಸಿ, ಕರೆ ರವಾನೆಯಾಗುವವರೆಗೆ ಕೆಂಪು ಗುಂಡಿಯನ್ನು ಒತ್ತಿ ಹಿಡಿಯತಕ್ಕದ್ದು. ಬಳಿಕ 16ನೇ ಚಾನೆಲ್‌ನಲ್ಲಿ "ಮೇಡೇ" ಎಂದು ಮೂರು ಬಾರಿ ಹೇಳಿ, ದೋಣಿಯ ಹೆಸರು, ಸ್ಥಳ, ಅಪಾಯದ ಸ್ವರೂಪ ಮತ್ತು ದೋಣಿಯಲ್ಲಿರುವವರ ಸಂಖ್ಯೆಯನ್ನು ತಿಳಿಸತಕ್ಕದ್ದು.

ತಪ್ಪಾಗಿ ಕರೆ ಹೋದಲ್ಲಿ
ರೇಡಿಯೊ ಆರಿಸಿ ಸುಮ್ಮನಿರಬಾರದು. ಕರೆಯನ್ನು ರದ್ದುಪಡಿಸಿರುವುದಾಗಿ 16ನೇ ಚಾನೆಲ್‌ನಲ್ಲಿ ಕೂಡಲೇ ಪ್ರಕಟಿಸತಕ್ಕದ್ದು. ಇಲ್ಲವಾದಲ್ಲಿ ರಕ್ಷಣಾ ನೌಕೆಗಳು ವೃಥಾ ಹುಡುಕಾಟದಲ್ಲಿ ತೊಡಗಿ, ನಿಜವಾಗಿ ಅಪಾಯದಲ್ಲಿರುವವರಿಗೆ ನೆರವು ತಡವಾಗಬಹುದು. ಪರೀಕ್ಷೆಗಾಗಿ ಕೆಂಪು ಗುಂಡಿಯನ್ನು ಒತ್ತುವಂತಿಲ್ಲ.

ಮೊಬೈಲ್ ಸಂಪರ್ಕವಿರುವೆಡೆ ಭಾರತೀಯ ಕೋಸ್ಟ್ ಗಾರ್ಡ್‌ನ ಶುಲ್ಕರಹಿತ ಸಹಾಯವಾಣಿ 1554ನ್ನು ಸಹ ಸಂಪರ್ಕಿಸಬಹುದಾಗಿದೆ.