ದೋಣಿಗಳಲ್ಲಿ ಲಿಥಿಯಂ ಬ್ಯಾಟರಿ: ಸುರಕ್ಷತೆಯ ವಿಕಾಸ

ದೋಣಿಯನ್ನು ವಿದ್ಯುತ್ತಿನಿಂದ ನಡೆಸುವ ಸಾಹಸ ಇಂದಿನದಲ್ಲ. 1838ರಲ್ಲಿಯೇ ಯಾಕೋಬಿಯೆಂಬ ವಿಜ್ಞಾನಿಯು ರಷ್ಯಾದ ನೆವಾ ನದಿಯಲ್ಲಿ ಬ್ಯಾಟರಿಯ ಬಲದಿಂದ ದೋಣಿಯನ್ನು ಸಾಗಿಸಿ ತೋರಿದನು. 1859ರಲ್ಲಿ ಪ್ಲಾಂಟೆಯು ಸೀಸ ಮತ್ತು ಆಮ್ಲಗಳ ಬ್ಯಾಟರಿಯನ್ನು ನಿರ್ಮಿಸಿದ ತರುವಾಯ ದೀರ್ಘಕಾಲ ದೋಣಿಗಳು ಅದನ್ನೇ ನೆಚ್ಚಿಕೊಂಡವು. ಭಾರವಾದರೂ, ಚಾರ್ಜು ಮಾಡುವಾಗ ಜಲಜನಕವನ್ನು ಸೂಸುವುದಾದರೂ, ಗಾಳಿಯಾಡುವ ಸ್ಥಳದಲ್ಲಿ ಅದು ಪಳಗಿದ ಶಕ್ತಿಯಾಗಿತ್ತು.

ವಿಜ್ಞಾನಿ ಗುಡ್‌ಇನಫ್ 1980ರಲ್ಲಿ ಗುರುತಿಸಿದ ಕೋಬಾಲ್ಟ್ ಆಕ್ಸೈಡನ್ನು ಆಧರಿಸಿ ಯೋಶಿನೋ 1985ರಲ್ಲಿ ರೂಪಿಸಿದ ಲಿಥಿಯಂ ಬ್ಯಾಟರಿಯು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅಲ್ಪ ಭಾರದಲ್ಲಿ ಅಪಾರ ಶಕ್ತಿಯನ್ನಡಗಿಸುವ ಗುಣವೇ ಅದರ ದೋಷಕ್ಕೂ ಮೂಲ: ಒಳಗಿನ ತೆಳುಪೊರೆ ಹರಿದೋ, ಚಾರ್ಜು ಮಿತಿಮೀರಿಯೋ ಶಾಖವೇರಿದರೆ, ಧನಾಗ್ರವು ಆಮ್ಲಜನಕವನ್ನು ಬಿಟ್ಟುಕೊಟ್ಟು, ದ್ರಾವಣವು ದಹ್ಯ ಅನಿಲವಾಗಿ, ಒಂದು ಕೋಶದ ತಾಪ ನೆರೆಯ ಕೋಶವನ್ನು ಹೊತ್ತಿಸುತ್ತ ಸಾಗುವುದು. 1997ರಲ್ಲಿ ಗುಡ್‌ಇನಫ್, ಪಾಢಿ ಮೊದಲಾದವರು ಪ್ರಕಟಿಸಿದ ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಧನಾಗ್ರವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಈ ಪ್ರಕೋಪ ಬಹುಮಟ್ಟಿಗೆ ಶಮನಗೊಂಡಿತು, ಸಂಪೂರ್ಣವಾಗಿ ಅಳಿಯಲಿಲ್ಲ.

ರಸಾಯನವೊಂದೇ ಸಾಲದೆಂಬುದನ್ನು 2019ರ ಅಕ್ಟೋಬರಿನಲ್ಲಿ ನಾರ್ವೆ ಕಲಿಸಿತು. ಅಲ್ಲಿಯ ‘ಇಟರ್ಅಯ್ನಿಂಗೆನ್’ ಹಡಗಿನ ಬ್ಯಾಟರಿ ಕೋಣೆಯಲ್ಲಿ ಹತ್ತಿದ ಬೆಂಕಿ ಆರಿತೆಂದು ತೋರಿದ ಮರುದಿನ, ಸಂಚಿತವಾದ ಅನಿಲ ಸ್ಫೋಟಿಸಿತು. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮಗಂತೂ ಪಾಠ ಇನ್ನೂ ಸಮೀಪದಿಂದ ಬಂದಿತು: 2022ರ ಸೆಪ್ಟೆಂಬರ್ 12ರಂದು ನೆರೆಯ ಸಿಕಂದರಾಬಾದಿನಲ್ಲಿ, ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆಯು ಮೇಲಿನ ವಸತಿಗೃಹಕ್ಕೇರಿ ಎಂಟು ಜೀವಗಳನ್ನು ಬಲಿಗೊಂಡಿತು. ಆ ವರ್ಷದ ಅಂತ್ಯದಿಂದ ವಾಹನಗಳ ಬ್ಯಾಟರಿಗಳಿಗೆ ಎ.ಐ.ಎಸ್. 156 ಎಂಬ ಮಾನಕದ ಬಿಗಿಯಾದ ನಿಬಂಧನೆಗಳು ಜಾರಿಗೆ ಬಂದವು.

ಜಲಮಾರ್ಗದಲ್ಲಿಯೂ ವಿವೇಕ ಬೆಳೆಯುತ್ತಿದೆ. ಕೇರಳದ ವೈಕಂನಲ್ಲಿ 2017ರಿಂದ 75 ಪ್ರಯಾಣಿಕರನ್ನು ಸಾಗಿಸುವ ‘ಆದಿತ್ಯ’ ಸೌರದೋಣಿಯ ಬಳಿಕ, 2023ರಲ್ಲಿ ಆರಂಭವಾದ ಕೊಚ್ಚಿಯ ಜಲಮೆಟ್ರೋ ಲಿಥಿಯಂ ಟೈಟನೇಟ್ ಬ್ಯಾಟರಿಯನ್ನು ವರಿಸಿತು. ಶಕ್ತಿಗೆ ಹೋಲಿಸಿದರೆ ಹೆಚ್ಚು ತೂಗಿದರೂ ಸ್ಥಿರವಾದದ್ದು ಇದು. ನಮ್ಮ ನಗರದ ಬಾಲಾಪುರದ ಎ.ಆರ್.ಸಿ.ಐ. ಸಂಶೋಧನಾ ಸಂಸ್ಥೆಯೂ ಕಬ್ಬಿಣದ ಫಾಸ್ಫೇಟನ್ನು ದೇಶೀಯವಾಗಿ ತಯಾರಿಸುವ ವಿಧಾನವನ್ನು ಕಂಡುಕೊಂಡಿದೆ.

ಪುಟ್ಟ ದೋಣಿಗಳಿಗಾಗಿಯೇ ಅಮೆರಿಕದ ದೋಣಿ ಮತ್ತು ಯಾಟ್ ಪರಿಷತ್ತು 2022ರಲ್ಲಿ ಇ-13 ಎಂಬ ಮಾನಕವನ್ನು ಹೊರತಂದಿತು. ಕೋಶಗಳನ್ನು ಕಾಯುವ ಬಿ.ಎಂ.ಎಸ್. ವ್ಯವಸ್ಥೆಯು ಅಪಾಯವನ್ನು ಕಂಡು ಬ್ಯಾಟರಿಯ ಸಂಪರ್ಕವನ್ನು ಕಡಿಯುವ ಮೊದಲು ನಾವಿಕನಿಗೆ ಸೂಚನೆ ಕೊಡಬೇಕೆಂಬುದು ಅದರ ಒಂದು ಮುಖ್ಯ ಅಂಶ. ಏಕೆಂದರೆ ಸೆಳವಿನ ನಡುವೆ ಮೋಟಾರು ಥಟ್ಟನೆ ನಿಂತರೆ, ರಕ್ಷಿಸಲು ಇಟ್ಟ ಕಾವಲೇ ಕಷ್ಟಕ್ಕೆ ಕಾರಣವಾದೀತು.

ದಡದಲ್ಲಿ ಬೆಂಕಿಯಿಂದ ಓಡಬಹುದು. ದೋಣಿಯಲ್ಲಿ ಓಡಲು ಸ್ಥಳವಿಲ್ಲ. 2025ರ ಜನವರಿ 26ರ ರಾತ್ರಿ ಹುಸೇನ್‌ಸಾಗರದಲ್ಲಿ ಸುಡುಮದ್ದು ಹೊತ್ತ ದೋಣಿ ಉರಿದದ್ದಕ್ಕೆ ಕಾರಣ ಬ್ಯಾಟರಿಯಲ್ಲ. ಆದರೂ ಈ ಸತ್ಯವನ್ನು ಅದು ಊರಿಗೇ ತೋರಿತು. ಆದಕಾರಣ ರಸಾಯನದ ಆಯ್ಕೆ, ಬಿ.ಎಂ.ಎಸ್.ನ ಕಾವಲು, ನೀರು ನುಗ್ಗದ ಪೆಟ್ಟಿಗೆ, ಅನಿಲ ಹೊರಹೋಗುವ ಮಾರ್ಗ, ತಕ್ಕ ಚಾರ್ಜರ್, ತರಬೇತಿ ಪಡೆದ ನಾವಿಕ ಇವೆಲ್ಲ ಕೂಡಿದಲ್ಲಿಯೇ ಕ್ಷೇಮ. ರಸ್ತೆಯ ವಾಹನಕ್ಕೆ ಜೀವಗಳು ಹೋದ ಮೇಲೆ ಬಂದ ಎಚ್ಚರ, ಕೆರೆಯ ದೋಣಿಗೆ ಬ್ಯಾಟರಿಯಿಂದ ಒಂದು ಜೀವವೂ ಹೋಗುವ ಮುನ್ನ ಬರತಕ್ಕದ್ದು.