ಬೆಂಗಳೂರು ದಂಡಿನ ಬಂಗಲೆಗಳ ಕಿಟಕಿಯ ಮರಗೆಲಸ: ಒಂದು ಶೈಲಿವಿಚಾರ

ಬೆಂಗಳೂರು ದಂಡು ಪ್ರದೇಶದ ಹಳೆಯ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ ಮೊನಚಾದ ಮರದ ಮಾಡೊಂದು ಕಾಣಬರುತ್ತದೆ. ಅದರ ಮುಖ ತ್ರಿಕೋಣಾಕಾರವಾದುದು. ಆ ತ್ರಿಕೋಣವನ್ನು ಒತ್ತೊತ್ತಾಗಿ ನಿಲ್ಲಿಸಿದ ಮರದ ಪಟ್ಟಿಗಳು ತುಂಬಿರುತ್ತವೆ. ಇಳಿಜಾರಿನ ಅಂಚಿಗೆ ಚಿತ್ತಾರ ಕೊರೆದ ಹಲಗೆಯಿರುತ್ತದೆ. ಇದಕ್ಕೆ ‘ಮಂಕಿ ಟಾಪ್’ ಎಂಬುದು ರೂಢಿಯ ಹೆಸರು. ಶೈಲಿಯನ್ನು ಹೇಳುವಾಗ ಕೆಲವರು ಇದನ್ನು ಗಾಥಿಕ್ ಎಂದೂ ಕೆಲವರು ವಿಕ್ಟೋರಿಯನ್ ಎಂದೂ ಕರೆಯುವುದುಂಟು. ಈ ಹೆಸರುಗಳು ಎಷ್ಟರಮಟ್ಟಿಗೆ ಸಲ್ಲುತ್ತವೆಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ.

ವಿಕ್ಟೋರಿಯನ್ ಎಂಬುದು ಮೂಲತಃ ಕಾಲವಾಚಕ. 1837ರಿಂದ 1901ರವರೆಗಿನ ಆ ಆಳ್ವಿಕೆಯಲ್ಲಿ ಹಲವು ಶೈಲಿಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದುದರಿಂದ ಆ ಹೆಸರಿನಿಂದ ಶೈಲಿಯ ನಿರ್ಣಯವಾಗದು. ಗಾಥಿಕ್ ಎಂಬ ಹೆಸರಿಗಾದರೋ ಆಧಾರವುಂಟು. ಹೊರೇಸ್ ವಾಲ್ಪೋಲನು 1749ರಿಂದ ಸ್ಟ್ರಾಬೆರಿ ಹಿಲ್ಲಿನ ತನ್ನ ಮನೆಯನ್ನು ಮಧ್ಯಯುಗದ ಮಾದರಿಯಲ್ಲಿ ತಿದ್ದಿಸಿದ ಮೇಲೆ ಆ ಅಭಿರುಚಿ ಇಂಗ್ಲೆಂಡಿನಲ್ಲಿ ಮನೆಗಟ್ಟುವಿಕೆಗೂ ಹಬ್ಬಿತು. 1833ರಲ್ಲಿ ಪ್ರಕಟವಾದ ಲೌಡನ್ನನ ಗೃಹನಿರ್ಮಾಣ ವಿಶ್ವಕೋಶದಂತಹ ಮಾದರಿ ಗ್ರಂಥಗಳು ಇಂತಹ ಮನೆಗಳ ವಿನ್ಯಾಸಗಳನ್ನು ದೂರದೂರಕ್ಕೆ ಒಯ್ದವು. 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡಿನಲ್ಲಿ ನೆಲೆಸಿದ ಆಂಗ್ಲರಿಗೆ ಈ ಅಭಿರುಚಿ ಅಪರಿಚಿತವಾಗಿರಲಾರದು.

ಆದರೆ ಇಲ್ಲಿ ಒಂದು ವ್ಯತ್ಯಾಸ ವಿಚಾರಾರ್ಹ. ಇಂಗ್ಲೆಂಡಿನಲ್ಲಿ ಕೊರೆದ ಹಲಗೆಯ ಸ್ಥಾನ ಮುಖ್ಯವಾಗಿ ಮನೆಯ ಮಾಡಿನ ತುದಿ; ಅಲ್ಲಿ ಹೊರಚಾಚಿದ ತೊಲೆಗಳ ತಲೆಯನ್ನು ಮಳೆಯಿಂದ ಕಾಯುವುದು ಅದರ ಕೆಲಸ. ಬೆಂಗಳೂರಿನಲ್ಲಿ ಅದೇ ಆಕೃತಿ ಕಿರಿದಾಗಿ ಒಂದೊಂದು ಕಿಟಕಿಯ ಮೇಲೂ ಇಳಿದಿದೆ. ಬಿಸಿಲನ್ನೂ ಇರಚಲನ್ನೂ ತಡೆದು ಪಟ್ಟಿಗಳ ಸಂದಿನಿಂದ ಗಾಳಿಯನ್ನು ಬಿಡುವುದು ಇಲ್ಲಿ ಅದರ ಕಾರ್ಯ. ಮೇಲಾಗಿ ಇಂತಹ ಎಷ್ಟೋ ಮನೆಗಳ ಮುಂಗಟ್ಟು ದುಂಡುಕಂಬಗಳದು. ಅದು ಗ್ರೀಕ್-ರೋಮನ್ ಸಂಪ್ರದಾಯಕ್ಕೆ ಸೇರಿದುದು. ಆದುದರಿಂದ ಆಕೃತಿಯಲ್ಲಿ ಗಾಥಿಕ್ ಪುನರುಜ್ಜೀವನದಿಂದ ಬಂದು, ಪ್ರಯೋಜನದಲ್ಲಿ ಈ ನೆಲದ ಹವೆಗೆ ಒಗ್ಗಿಕೊಂಡ ಬೆಂಗಳೂರಿನ ಪ್ರಭೇದವೆಂದು ಇದನ್ನು ಹೇಳುವುದೇ ಯುಕ್ತ. ಕಿಟಕಿಯನ್ನು ನೋಡಿ ಮನೆಯನ್ನೇ ಗಾಥಿಕ್ ಎನ್ನುವುದು ಸಲ್ಲದು.

ಕಾಲನಿರ್ಣಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಮ್ಮೆ ರೂಢಿಗೆ ಬಂದ ಮಾದರಿಯನ್ನು ಬಡಗಿಗಳು ಬಹುಕಾಲ ಅನುಸರಿಸುವರು. ಹಳೆಯ ಮನೆಗೆ ಹೊಸ ಮಾಡನ್ನು ತರುವಾಯ ಸೇರಿಸುವುದೂ ಉಂಟು. ಮಾಡಿನ ಮರ ಗೋಡೆಯೊಳಗೆ ಗಾರೆಯೊಡನೆ ಕೂಡಿದೆಯೋ, ಅಥವಾ ಮೇಲಿನಿಂದ ಮೊಳೆ ಹೊಡೆದು ನಿಲ್ಲಿಸಿದುದೋ ಎಂಬುದನ್ನು ಮೊದಲು ನೋಡಬೇಕು. ಬಣ್ಣದ ಪದರಗಳು ಗೋಡೆಯ ಕಿಟಕಿಯಲ್ಲಿ ಎಷ್ಟು, ಮಾಡಿನಲ್ಲಿ ಎಷ್ಟು ಎಂಬುದನ್ನು ಹೋಲಿಸಬೇಕು. ದುಂಡನೆಯ ತಂತಿಮೊಳೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೆಚ್ಚು ಬಳಕೆಗೆ ಬಂದವು. ಆದರೆ ಮೊಳೆಯನ್ನು ದುರಸ್ತಿಯ ಕಾಲದಲ್ಲಿ ಬದಲಿಸಿರಬಹುದಾದ್ದರಿಂದ ಅದೊಂದೇ ಪ್ರಮಾಣವಾಗದು.

ಈ ಸಾಕ್ಷ್ಯಗಳೆಲ್ಲ ಮರ ಮತ್ತು ಗೋಡೆ ಕೂಡುವ ಎಡೆಯಲ್ಲಿವೆ ಎಂಬುದು ಗಮನಾರ್ಹ. ಇತ್ತೀಚಿನ ದಶಕಗಳಲ್ಲಿ ಇಂತಹ ಅನೇಕ ಬಂಗಲೆಗಳು ನೆಲಸಮವಾಗಿವೆ. ಕಳಚಿದ ಮರಗೆಲಸವನ್ನು ಅಂದವೆಂದು ಬೇರೆಡೆ ಉಳಿಸಿಕೊಂಡರೂ, ಗೋಡೆಯಿಂದ ಬೇರ್ಪಟ್ಟ ಕೂಡಲೆ ಅದು ತನ್ನ ಕಾಲವನ್ನು ಹೇಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಳಿಯುವುದು ಆಕೃತಿ ಮಾತ್ರ. ಆದಕಾರಣ ಉಳಿದ ಮನೆಗಳ ಕಿಟಕಿಗಳನ್ನು, ಅವು ಗೋಡೆಯಲ್ಲಿರುವಾಗಲೇ, ಅಳತೆ ಮತ್ತು ಛಾಯಾಚಿತ್ರಗಳೊಡನೆ ದಾಖಲಿಸುವುದು ಇತಿಹಾಸದ ವಿದ್ಯಾರ್ಥಿಗಳ ತುರ್ತಿನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.