ಕುಣಿಯುವುದೊಂದು, ಹಿಡಿಯುವುದೊಂದು

ಗಾಡಿ ಗ್ಯಾರೇಜಿಗೆ ಬಂದ ಕೂಡಲೇ ನಾನು ಬಾನೆಟ್ ಎತ್ತುವುದಿಲ್ಲ. ಮುಂದಿನ ಮೂಲೆಗೆ ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿ, ಥಟ್ಟನೆ ಕೈ ತೆಗೆಯುತ್ತೇನೆ. ಒಮ್ಮೆ ಎದ್ದು ಕೂತರೆ ಸರಿ. ಎರಡು ಮೂರು ಸಲ ತೂಗಾಡಿತೋ, ಶಾಕ್ಸ್, ಅಂದರೆ ಶಾಕ್ ಅಬ್ಸಾರ್ಬರ್, ಮುಗಿದಿದೆ. ಇದನ್ನು ಕಲಿಸಿದ ಉಸ್ತಾದರ ಅಪ್ಪ ಮೈಸೂರಿನಲ್ಲಿ ಜಟಕಾಗಳಿಗೆ ಕಮಾನು ಕಟ್ಟುತ್ತಿದ್ದವರು. ಹಾಗಾಗಿ ನಮ್ಮ ಕಸುಬಿನ ಚರಿತ್ರೆ ನನಗೆ ಕುದುರೆಯಿಂದಲೇ ಶುರು.

ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಗ್ಗಿಸಿ, ಎರಡು ಬಿಲ್ಲುಗಳನ್ನು ಎದುರುಬದುರು ಜೋಡಿಸಿ, ಸಾರೋಟಿನ ಅಡಿಗೆ ಕೂರಿಸಿದವನು ಲಂಡನ್ನಿನ ಒಬಡಯಾ ಎಲಿಯಟ್. 19ನೇ ಶತಮಾನದ ಮೊದಲ ದಶಕದ ಮಾತು. ನಮ್ಮ ಜಟಕಾದಲ್ಲೂ ಅದೇ ಕಮಾನಿನ ನೆಂಟ: ಪಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಣಿ, ಗೋಣಿಯ ಮೇಲೆ ನಾವು. ಸುಖ ಎಷ್ಟು ಪಟ್ಟಿಯದೋ ಎಷ್ಟು ಹುಲ್ಲಿನದೋ ದೇವರೇ ಬಲ್ಲ.

ಪಟ್ಟಿಯ ಗುಟ್ಟು ಬಿಚ್ಚಿದವನಿಗೇ ಗೊತ್ತು. ಯು ಬೋಲ್ಟ್ ತೆಗೆದು, ಸೆಂಟರ್ ಬೋಲ್ಟ್ ಹೊಡೆದು ಬಿಚ್ಚಿದರೆ ಪಟ್ಟಿಗಳು ಇಸ್ಪೀಟು ಎಲೆಗಳ ಹಾಗೆ ಬಿಡಿಬಿಡಿಯಾಗುತ್ತವೆ. ಮಧ್ಯೆ ತುಕ್ಕಿನ ಪುಡಿ. ತಂತಿ ಬ್ರಷ್‌ನಿಂದ ಉಜ್ಜಿ, ಸೋತ ಪಟ್ಟಿಗೆ ಸುತ್ತಿಗೆಯಲ್ಲಿ ಮತ್ತೆ ಕಮಾನು ಎತ್ತಿ, ತೆಳ್ಳಗೆ ಗ್ರೀಸ್ ಸವರಿ ಜೋಡಿಸಬೇಕು. ನಾನೊಮ್ಮೆ ಧಾರಾಳವಾಗಿ ಬಳಿದುಬಿಟ್ಟೆ. ಗಾಡಿ ಹೊರಗೆ ಹೋದದ್ದೇ ದೋಣಿಯ ಹಾಗೆ ತೇಲಾಡಿತು. ಉಸ್ತಾದ್ ಬೈಯಲಿಲ್ಲ. “ಪಟ್ಟಿ ತಾನೇ ಕುಣಿಯುತ್ತೆ, ತಾನೇ ಹಿಡ್ಕೊಳ್ಳುತ್ತೆ ಬೇಟಾ. ನೀನು ಹಿಡಿತ ತೆಗೆದುಬಿಟ್ಟೆ” ಅಂದರು. ಪಟ್ಟಿಗೆ ಪಟ್ಟಿ ಉಜ್ಜುವ ಆ ಘರ್ಷಣೆಯೇ ಕುಣಿತಕ್ಕೆ ಕಡಿವಾಣ.

ಅಂಬಾಸಡರ್ ನಮ್ಮ ಅನ್ನ. ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಶುರುವಾಗಿ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಗಾಡಿ. ಹಿಂದೆ ಪಟ್ಟಿ, ಮುಂದೆ ಟಾರ್ಷನ್ ಬಾರ್. ಅಂದರೆ ನೆಲದಡಿ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು. ಚಕ್ರ ಮೇಲೆದ್ದಾಗ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ‘ಅಂಬಾಸಡರ್ ಸುಖ’ ಎಂದು ಇಂದಿಗೂ ಹಾಡಿ ಹೊಗಳುವವರಿದ್ದಾರೆ. ಅದು ತುಂಬಿದ ಗಾಡಿಯ ಸುಖ. 15 ಇಂಚಿನ ಚಕ್ರ, ಎತ್ತರದ ಟಯರು, ಸ್ಪ್ರಿಂಗ್ ಸೋಫಾದಂಥ ಹಿಂದಿನ ಸೀಟು, ಅದರ ಮೇಲೆ ಮದುವೆಗೆ ಹೊರಟ ನಾಲ್ವರು. ಖಾಲಿ ಟ್ಯಾಕ್ಸಿಯನ್ನು ಕೇಳಿ ನೋಡಿ, ಹಿಂಭಾಗ ಮೇಕೆಯ ಹಾಗೆ ಎಗರುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರು ಜನರಲ್ ಮೋಟರ್ಸ್‌ನಲ್ಲಿ ಅಗ್ಗದ ಪುಟ್ಟ ಕಾರಿಗೆಂದು ದುಡಿದಿದ್ದ; ಆ ಕಾರು ಮೂಲೆಗೆ ಬಿದ್ದಾಗ ಫೋರ್ಡ್ ಸೇರಿದ. ಸ್ಪ್ರಿಂಗು, ಶಾಕು ಎರಡನ್ನೂ ಒಂದೇ ಕಂಬಕ್ಕೆ ಏರಿಸಿದ ಅವನ ಜೋಡಣೆ 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್‌ನಲ್ಲಿ ಕಾಣಿಸಿತು. ನಮ್ಮ ಗ್ಯಾರೇಜಿಗೆ ಅದು ಹೊಸ ದೆವ್ವ. ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಇಲ್ಲದೆ ಹಗ್ಗ ಬಿಗಿದು ಬಿಚ್ಚಲು ಹೋದೆ. ಹಗ್ಗ ಜಾರಿತು. ಎಡಗೈ ಹೆಬ್ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಸುರುಳಿ ಸ್ಪ್ರಿಂಗಿಗೆ ಪಟ್ಟಿಯಂತೆ ತನ್ನನ್ನು ತಾನೇ ಹಿಡಿದುಕೊಳ್ಳುವ ಬುದ್ಧಿ ಇಲ್ಲ. ಹಿಡಿಯುವ ಕೆಲಸವೆಲ್ಲ ಶಾಕ್ಸ್‌ನದು. ಅಲ್ಲಿಂದಲೇ ಅಂಗಡಿಗಳಲ್ಲಿ ತರಹೇವಾರಿ ಶಾಕ್ಸ್‌ನ ಸಂತೆ. ಗ್ಯಾಸ್ ಶಾಕ್ಸ್ ಎಂದರೆ ಮೆತ್ತಗಿರುತ್ತದೆಂದು ಬಹಳ ಜನರ ನಂಬಿಕೆ. ಸತತ ಕುಲುಕಾಟದಲ್ಲಿ ಶಾಕ್ಸ್ ಒಳಗಿನ ಎಣ್ಣೆಗೆ ಗಾಳಿ ಬೆರೆತು ನೊರೆಯೆದ್ದರೆ ಹಿಡಿತ ತಪ್ಪುತ್ತದೆ. ಅದಕ್ಕೇ ಫ್ರಾನ್ಸಿನ ದ ಕಾರ್ಬನ್ ಎಂಬವನು ಒಂದೇ ಕೊಳವೆಯೊಳಗೆ ಗ್ಯಾಸನ್ನೂ ಎಣ್ಣೆಯನ್ನೂ ಬೇರ್ಪಡಿಸಿಟ್ಟ. ಅದು ಹಿಡಿತದ ಉಪಾಯ, ಹಾಸಿಗೆಯದಲ್ಲ. ಊರೊಳಗಿನ ಗುಂಡಿಯಲ್ಲಿ ಅಂಥ ಶಾಕ್ಸ್ ಕೊಂಚ ಗಡುಸೇ.

ಹೋದ ತಿಂಗಳು ಒಬ್ಬ ಹುಡುಗ ಬಂದ. “ಅಣ್ಣಾ, ಅಮ್ಮನಿಗೆ ಸೊಂಟನೋವು, ಒಳ್ಳೇ ಗ್ಯಾಸ್ ಶಾಕ್ಸ್ ಹಾಕಿ, ದುಡ್ಡು ಎಷ್ಟಾದ್ರೂ ಪರವಾಗಿಲ್ಲ.” ಒತ್ತಿ ನೋಡಿದೆ. ಗಾಡಿ ಕದಲಲೇ ಇಲ್ಲ. ಬಗ್ಗಿ ಟಾರ್ಚ್ ಬಿಟ್ಟರೆ ಹಿಂದಿನ ಎರಡೂ ಸ್ಪ್ರಿಂಗುಗಳ ಸುರುಳಿ ನಡುವೆ ದಪ್ಪ ರಬ್ಬರ್ ಬಫರ್, ರಸ್ತೆಯ ಹಂಪ್‌ಗೆ ತಳ ತಾಗದಿರಲೆಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಕಿಸಿದ್ದು. ಸ್ಪ್ರಿಂಗ್ ಕುಣಿಯಲು ಜಾಗವೇ ಇಲ್ಲ, ಶಾಕ್ಸ್ ಏನನ್ನು ಹಿಡಿಯಬೇಕು? ಬಫರ್ ಕಿತ್ತೆ, ಸವೆದ ಬುಷ್ ಬದಲಿಸಿದೆ, ವಿಪರೀತ ತುಂಬಿಸಿದ್ದ ಟಯರಿನ ಗಾಳಿಯನ್ನು ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟಕ್ಕೆ ಇಳಿಸಿದೆ. ಮತ್ತೆ ಒತ್ತಿದೆ: ಒಮ್ಮೆ ಎದ್ದು ಕೂತಿತು. ಶಾಕ್ಸ್ ಹಳೆಯವೇ ಸಾಕು ಎಂದೆ. ಮುಖ ಸಪ್ಪಗಾಯಿತು, ಅಷ್ಟು ಕಡಿಮೆ ಬಿಲ್ಲಿನ ರಿಪೇರಿಯ ಮೇಲೆ ನಂಬಿಕೆ ಬರುವುದು ಕಷ್ಟ.

ಸಂಜೆ ಫೋನ್ ಮಾಡಿದ. ಅಮ್ಮ ದಾರಿಯಲ್ಲಿ ನಿದ್ದೆ ಹೋದರಂತೆ. ಆ ರಬ್ಬರ್ ತುಂಡುಗಳನ್ನು ಕೇಳಲಿಲ್ಲ. ಒಂದನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡ ಕೊಟ್ಟಿದ್ದೇನೆ. ಇನ್ನೊಂದರ ಮೇಲೆ ಹುಡುಗರು ಟೀ ಲೋಟ ಇಡುತ್ತಾರೆ.